ಮೊಲಕ್ಕೂ ಒಂದು ತುಂಡು ಬೆಲ್ಲ

ನನ್ನ ಮಾಮನ ಮೇಲೆ ನನಗೊಂದು ಹಳೆಯ ಸಿಟ್ಟು ಇದೆ. ಅವರ ಅಂಗಳ ದಾಟಿ ಜಗಲಿಗೆ ಯಾರೇ ಕಾಲಿಡಲಿ, ಕೂತು ಬೆವರು ಒರೆಸಿಕೊಳ್ಳುವ ಮೊದಲೇ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೊಂಬು ನೀರು ಎದುರಿಗೆ ಬರುತ್ತದೆ. ನಮ್ಮ ಕಡೆಯ ಹಳೆಯ ಕ್ರಮ ಇದು. ಈಗ ಹೆಚ್ಚಿನ ಮನೆಗಳಲ್ಲಿ ಆ ಜಾಗಕ್ಕೆ ಚಹಾ, ಶರಬತ್ತು ಬಂದು ಕೂತಿವೆ. ಮಾಮ ಮಾತ್ರ ಬಿಟ್ಟಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನಿಗೆ ಬೆಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ ಬೆಲ್ಲ. ಓಟು ಕೇಳಲು ಬಂದ ಎಲ್ಲಾ ಪಕ್ಷದವರಿಗೂ ಬೆಲ್ಲ, ಅದೂ ಒಂದೇ ಗಾತ್ರದ ತುಂಡು. ಒಮ್ಮೆ ವಿಳಾಸ ತಪ್ಪಿ ಬಂದ ಕೊರಿಯರಿನವನು ಕೂಡ ಬೆಲ್ಲ ತಿಂದು, ನೀರು ಕುಡಿದು, ಎರಡು ಊರಿನ ಸುದ್ದಿ ಮಾತಾಡಿ, ಆಮೇಲೆ ಸರಿಯಾದ ಮನೆ ಹುಡುಕಿಕೊಂಡು ಹೋದ. ನನಗೆ? ಏಳನೇ ವಯಸ್ಸಿನಲ್ಲಿ ಒಂದೇ ಒಂದು ಸಲ ಕೊಟ್ಟದ್ದು. ಅಲ್ಲಿಂದ ಇಲ್ಲಿಯವರೆಗೆ ಮೂವತ್ತನಾಲ್ಕು ವರ್ಷ ಕಳೆದು ತಲೆಯಲ್ಲಿ ಬಿಳಿಕೂದಲು ಕಂಡರೂ ಒಂದು ಚೂರು ಕೊಟ್ಟವರಲ್ಲ! ಗಂಡನ ಜೊತೆ ಹೋದರೆ ಗಂಡನಿಗೆ ತಟ್ಟೆ ಬರುತ್ತದೆ. ನನಗೆ "ಬಂದೆಯಾ" ಎಂಬ ಒಂದು ಮಾತು ಬರುತ್ತದೆ, ಅದೂ ಮಾಮನಿಗೆ ಮನಸ್ಸಿದ್ದರೆ.

ಮಾಮ ಎಂದರೆ ನನ್ನ ಅಮ್ಮನ ಅಣ್ಣ. ಹೆಜಮಾಡಿಯಲ್ಲಿ ಮನೆ. ಮಲ್ಪೆಯಿಂದ ಹೊರಡುವ ಮೀನಿನ ಬೋಟಿನಲ್ಲಿ ಮೂವತ್ತು ಚಿಲ್ಲರೆ ವರ್ಷ ತಾಂಡೇಲರಾಗಿದ್ದವರು. ತಾಂಡೇಲ ಎಂದರೆ ಬೋಟು ನಡೆಸುವವನು. ನೀರಿಗಿಳಿದ ಮೇಲೆ ಅವನ ಮಾತೇ ಕೊನೆ. ಮಾಮ ಬೋಟಿನಿಂದ ಇಳಿದು ಆರು ವರ್ಷವಾಯಿತು. ಆದರೆ ಇಳಿದ ಸುದ್ದಿ ಅವರಿಗೆ ಇನ್ನೂ ತಲುಪಿದ ಹಾಗಿಲ್ಲ.

ಉದಾಹರಣೆಗೆ ಹಗ್ಗ. ಬೀಗ, ಚಿಲಕ, ಕೊಕ್ಕೆಗಳ ಮೇಲೆ ಅವರಿಗೆ ನಂಬಿಕೆ ಇಲ್ಲ. ಗೇಟಿಗೆ ಹಗ್ಗ, ಅಕ್ಕಿಯ ಚೀಲಕ್ಕೆ ಹಗ್ಗ, ಬಾವಿಯ ಪಂಪಿನ ಸ್ವಿಚ್ಚಿರುವ ಪೆಟ್ಟಿಗೆಗೂ ಹಗ್ಗ. ಅವರು ಹಾಕಿದ ಗಂಟನ್ನು ಬಿಚ್ಚಲು ಗೊತ್ತಿರುವುದು ಈ ಭೂಮಿಯ ಮೇಲೆ ಅವರೊಬ್ಬರಿಗೇ. ಅಂಚೆಯವರು ಗೇಟಿನ ಹತ್ತಿರ ಒದ್ದಾಡಿ ಸಾಕಾಗಿ, ಈಗ ಕಾಗದಗಳನ್ನು ಕಾಂಪೌಂಡಿನ ಹೊರಗಿನಿಂದಲೇ ತೆಂಗಿನ ಬುಡಕ್ಕೆ ಎಸೆದು ಹೋಗುತ್ತಾರೆ.

ಇನ್ನೊಂದು ವಿಷಯ ಹೇಳಿದರೆ ನೀವು ನಂಬಲಿಕ್ಕಿಲ್ಲ. ಅಷ್ಟು ವರ್ಷ ಸಮುದ್ರದಲ್ಲಿ ಒಮ್ಮೆಯೂ ತಲೆ ತಿರುಗದ ಈ ಮನುಷ್ಯನಿಗೆ ಕಾರಿನಲ್ಲಿ ಕೂರಿಸಿದರೆ ಪಕ್ಕದ ಪಡುಬಿದ್ರಿ ಬರುವ ಮೊದಲೇ ವಾಂತಿ! ಕಾರಣ ಕೇಳಿದರೆ ಕಾರಿನದ್ದೇ ತಪ್ಪು. "ಅಲುಗಾಡುವುದಾದರೆ ಸರಿಯಾಗಿ ಅಲುಗಾಡಬೇಕು. ಇದು ಎಂತ ಮಾರಾಯ್ತಿ, ಅತ್ತಲೂ ಇಲ್ಲ ಇತ್ತಲೂ ಇಲ್ಲ" ಎನ್ನುತ್ತಾರೆ. ಹಾಗಾಗಿ ಅವರ ಪ್ರಯಾಣವೆಲ್ಲ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ಮುಖ ಗಾಳಿಗೆ ಕೊಟ್ಟು.

ಇಂಥವರ ಮನೆಗೆ ಮೂರು ವರ್ಷದ ಹಿಂದೆ ಒಂದು ಮೊಲ ಬಂತು. ಆಚೆಮನೆಯವರು ಮಸ್ಕತ್‌ಗೆ ಹೊರಟಾಗ "ಎರಡು ದಿನ ನೋಡಿಕೊಳ್ಳಿ" ಎಂದು ಕೊಟ್ಟು ಹೋದದ್ದು. ಎರಡು ದಿನಕ್ಕೆ ಮಸ್ಕತ್‌ಗೆ ಯಾರಾದರೂ ಹೋಗುತ್ತಾರಾ ಎಂದು ಕೇಳಬೇಕಿತ್ತು. ಮಾಮ ಕೇಳಲಿಲ್ಲ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಹೆಸರಿಡಿ ಎಂದರೆ "ಹೆಸರು ಇಡುವುದು ಬೋಟಿಗೆ" ಎಂದುಬಿಟ್ಟರು. ಕರೆಯುವುದು "ಇವ" ಎಂದು. ಫೋನಿನಲ್ಲಿ "ಇವ ಇವತ್ತು ಚೆನ್ನಾಗಿ ತಿಂದ" ಎಂದರೆ ಯಾರ ವಿಷಯ ಎಂದು ನಾವು ಯಾರೂ ಕೇಳುವುದಿಲ್ಲ. ಆ ಮನೆಯಲ್ಲಿ ಇನ್ನು ಯಾರ ಊಟದ ವರದಿಯೂ ಫೋನಿನಲ್ಲಿ ಬರುವುದಿಲ್ಲ.

ಪೇರಳೆ ಮರದ ಕೆಳಗೆ ಅವನಿಗೆ ಗೂಡು. ಮೀನು ತುಂಬಿಸುವ ಪ್ಲಾಸ್ಟಿಕ್ ಬಾಕ್ಸುಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ತಗಡು ಹಾಕಿ ಮಾಮನೇ ಮಾಡಿದ್ದು. ಒಂದು ಮೊಳೆ ಇಲ್ಲ, ಪೂರಾ ಹಗ್ಗ. ಬಾಗಿಲಿಗೂ ಹಗ್ಗ.

ಒಂದು ದಿನ ಮಾಮ ಕಾರ್ಕಳಕ್ಕೆ ಮದುವೆಗೆ ಹೋಗಿದ್ದರು. ಮಾಮಿ, ಎಂದರೆ ಅವರ ಹೆಂಡತಿ, ಹುಲ್ಲು ಹಿಡಿದುಕೊಂಡು ಗೂಡಿನ ಎದುರು ನಿಂತರೆ ಬಾಗಿಲು ಬಿಚ್ಚಲಿಕ್ಕಾಗುವುದಿಲ್ಲ. ಫೋನು ಮಾಡಿದರು. ಮದುವೆ ಹಾಲಿನ ವಾದ್ಯದ ನಡುವೆ ಮಾಮ ಜೋರಾಗಿ ಪಾಠ ಶುರು ಮಾಡಿದರು: "ಎಡಗಡೆಯ ಹಗ್ಗ ಒಳಗೆ ತೆಗಿ. ಅದನ್ನು ಬಲದ್ದರ ಅಡಿಗೆ ತಾ. ಎಳೆಯಬೇಡ! ಎಳೆಯಬೇಡ ಹೇಳಿದೆ ಅಲ್ವಾ." ಅರ್ಧ ಗಂಟೆಯಲ್ಲಿ ಕಾರ್ಕಳದಲ್ಲಿ ಊಟದ ಒಂದು ಪಂಕ್ತಿ ಎದ್ದಿತು, ಹೆಜಮಾಡಿಯಲ್ಲಿ ಇನ್ನೊಂದು ಗಂಟು ಬಿತ್ತು. ಮಾಮಿ ಫೋನಿಟ್ಟು ಕತ್ತಿ ತಂದು ಹಗ್ಗ ಕಡಿದರು. ಸಂಜೆ ಬಂದ ಮಾಮ ಹಗ್ಗದ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನಿಂತುಬಿಟ್ಟರು.

"ಒಂದು ಮಾತು ಕೇಳಬಾರದಿತ್ತಾ?"

"ಅರ್ಧ ಗಂಟೆ ಕೇಳಿದೆ" ಎಂದರು ಮಾಮಿ.

ಹೀಗೆ ಮೂರು ವರ್ಷ ಸುಖವಾಗಿ ನಡೆಯಿತು. ಕಳೆದ ಬೇಸಗೆಯಲ್ಲಿ, ಮಳೆಗೆ ಇನ್ನೇನು ಹದಿನೈದು ದಿನ ಇರುವಾಗ, ಆಚೆ ಕೇರಿಯ ಕೋಳಿಗೂಡಿನಲ್ಲಿ ಬೆಳಿಗ್ಗೆ ಒಂದು ಹೆಬ್ಬಾವು ಸಿಕ್ಕಿತು. ಎರಡು ಕೋಳಿ ನುಂಗಿ, ಹೊರಗೆ ಬರಲಾಗದೆ ಒಳಗೇ ಮಲಗಿತ್ತು. ಹಾವು ಹಿಡಿಯುವವನು ಅದನ್ನು ಚೀಲಕ್ಕೆ ತುಂಬಿಸಿದ. ಮಾಮ ಅವನನ್ನು ಬಿಡುತ್ತಾರಾ? ಕೈ ಹಿಡಿದು ಮನೆಗೆ ಕರೆತಂದು ಬೆಲ್ಲ ನೀರು ಕೊಟ್ಟರು. ಹಾವಿನ ಚೀಲ ಜಗಲಿಯ ಕೆಳಗೆ, ಅವನು ಜಗಲಿಯ ಮೇಲೆ.

"ಇದು ಪುನಃ ಬರ್ತದಾ?" ಎಂದು ಮಾಮ ಕೇಳಿದರು.

"ಇದು ಬರುವುದಿಲ್ಲ, ದೂರ ಬಿಡ್ತೇನೆ. ಆದರೆ ಇದರ ಸಂಸಾರ ಎಲ್ಲಿ ಉಂಟು, ನನಗೆಂತ ಗೊತ್ತು?" ಎಂದ ಅವನು ಬೆಲ್ಲ ಕಡಿಯುತ್ತಾ. ಹೋಗುವಾಗ ಪೇರಳೆ ಮರದ ಕೆಳಗಿನ ಗೂಡನ್ನು ಸುಮ್ಮನೆ ಒಂದು ಸಲ ನೋಡಿ ಹೋದ. ಅಷ್ಟೇ ಸಾಕಾಯಿತು. ಮಾಮ ಗೂಡಿನ ಎದುರು ಕೂತು ಪ್ರತಿ ಸಂದಿಗೂ ಬೆರಳು ತೂರಿಸಿ ನೋಡಿದರು. ಹಾವಿಗೆ ಗಂಟು ಬಿಚ್ಚಬೇಕಾದ ಅಗತ್ಯವೇ ಇಲ್ಲ ಎಂಬುದು ಅವರಿಗೆ ಮೊದಲ ಸಲ ಹೊಳೆದದ್ದು ಆಗ.

"ಇವನನ್ನು ಒಳಗೆ ತರುವ" ಎಂದರು.

ಮಾಮಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಮನೆಯೊಳಗೆ ಮೊಲವಾ? ಟೈಲ್ಸ್ ಹಾಕಿ ಇನ್ನೂ ಎರಡು ತಿಂಗಳಾಗಲಿಲ್ಲ. ಕಾಲು ತೊಳೆಯದೆ ನಿಮ್ಮನ್ನೇ ನಾನು ಒಳಗೆ ಬಿಡುವುದಿಲ್ಲ."

"ಇವನ ಕಾಲನ್ನೂ ತೊಳೆಯುವ."

"ನಾಲ್ಕೂ?"

"ನಾಲ್ಕೂ."

ಕೊನೆಗೆ ಮೆಟ್ಟಿಲಿನ ಕೆಳಗಿನ ಜಾಗ ಎಂದು ತೀರ್ಮಾನವಾಯಿತು.

ಆಮೇಲೆ ಒಂದು ವಾರ ಮನೆಯೊಳಗೆ ಸಿದ್ಧತೆ. ಮೊಲ ವಯರು ಕಡಿಯುತ್ತದೆ ಎಂದು ಯಾರೋ ಹೇಳಿದರು. ಅವರು ಹೇಳಬಾರದಿತ್ತು. ಟಿ.ವಿ.ಯ ವಯರು, ಫ್ರಿಜ್ಜಿನ ವಯರು, ಟೇಬಲ್ ಫ್ಯಾನಿನ ವಯರು ಎಲ್ಲವನ್ನೂ ಮಾಮ ಆಳೆತ್ತರಕ್ಕೆ ಏರಿಸಿ ಹಗ್ಗದಿಂದ ಗೋಡೆಗೆ ಬಿಗಿದರು. ಈಗ ಆ ಮನೆಯಲ್ಲಿ ಫೋನು ಚಾರ್ಜಿಗೆ ಇಡಬೇಕಾದರೆ ಸ್ಟೂಲು ಹತ್ತಬೇಕು. ಮೆಟ್ಟಿಲಿನ ಕೆಳಗೆ ಗೋಣಿ ಹಾಸಿ, ಒಂದು ಮೂಲೆಯಲ್ಲಿ ಹಳೆಯ ಟ್ರೇಯಲ್ಲಿ ಮರದ ಹುಡಿ ತುಂಬಿಸಿದರು. "ಬೋಟಿಗೆ ಹೊಸಬ ಬಂದರೆ ಮೊದಲು ತೋರಿಸಬೇಕಾದದ್ದು ಎರಡು ಜಾಗ" ಎಂದು ನನಗೆ ವಿವರಿಸಿದರು. "ಮಲಗುವುದು ಎಲ್ಲಿ, ಮತ್ತೆ ಇನ್ನೊಂದು ಎಲ್ಲಿ. ಉಳಿದದ್ದು ಅವನೇ ಕಲಿಯುತ್ತಾನೆ."

ಒಳಗೆ ಬರುವ ದಿನ ಭಾನುವಾರ. ಇದನ್ನು ನೋಡದಿದ್ದರೆ ಜೀವನದಲ್ಲಿ ಇನ್ನೇನು ನೋಡುವುದು ಎಂದು ನಾನು ಅಲೆವೂರಿನಿಂದ ಬೆಳಿಗ್ಗೆಯೇ ಹೋದೆ. ಮಾಮ ಮೊಲವನ್ನು ಎದೆಗೆ ಅವಚಿಕೊಂಡು ಬಂದರು. ಮಾಮಿ ಒದ್ದೆ ಬಟ್ಟೆಯಿಂದ ನಾಲ್ಕೂ ಕಾಲು ಒರೆಸಿದರು, ಹಿಂದಿನ ಕಾಲಿನ ಉಗುರಿನ ಸಂದಿಯನ್ನು ಕೂಡ. ಹೊಸ್ತಿಲಿನ ಹತ್ತಿರ ಬಂದ ಮಾಮ ನಿಂತುಬಿಟ್ಟರು.

"ಬೆಲ್ಲ ತಾ."

"ಮೊಲಕ್ಕೆ ಬೆಲ್ಲವಾ ಮಾಮ?" ಎಂದೆ ನಾನು.

"ಮೊದಲ ಸಲ ಒಳಗೆ ಬರುವವ. ಬರೀ ಬಾಯಲ್ಲಿ ಬರುವುದಾ?"

ತಟ್ಟೆ ಬಂತು. ಸಣ್ಣ ಬಟ್ಟಲಿನಲ್ಲಿ ನೀರೂ ಬಂತು. ಮೊಲ ಮೂಗು ಅಲ್ಲಾಡಿಸಿ, ಒಮ್ಮೆ ನೆಕ್ಕಿ, ಆಮೇಲೆ ಇಡೀ ತುಂಡನ್ನು ಕಟಕಟನೆ ಕಡಿದು ಮುಗಿಸಿತು. ಮೂವತ್ತನಾಲ್ಕು ವರ್ಷ ಕಾದವಳ ಕಣ್ಣೆದುರೇ! ನನಗೆ ತಡೆಯಲಾಗಲಿಲ್ಲ. "ನನಗೆ?" ಎಂದು ಕೇಳಿಯೇ ಬಿಟ್ಟೆ.

ಮಾಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನಗೆಂತಕ್ಕೆ?" ಎಂದು ಒಳಗೆ ಹೋದರು.

ಟೈಲ್ಸಿನ ಮೇಲೆ ಇಳಿಸಿದ್ದೇ ತಡ, ಮೊಲದ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಜಾರಿ, ಹೊಟ್ಟೆ ನೆಲಕ್ಕೆ ಅಂಟಿತು. ಎದ್ದಿತು, ಪುನಃ ಜಾರಿತು. ಮೂರು ವರ್ಷ ಮಣ್ಣಿನಲ್ಲಿ ಓಡಿದ ಪ್ರಾಣಿ ಅದು, ಇಂಥ ನೆಲವನ್ನು ಎಲ್ಲಿ ಕಂಡಿತ್ತು? "ಕಾಲು ಇನ್ನೂ ಕೂತಿಲ್ಲ" ಎಂದರು ಮಾಮ. "ಬೋಟಿನಲ್ಲಿ ಹೊಸಬರಿಗೆ ಮೂರು ದಿನ ಹೀಗೆಯೇ." ಅದನ್ನು ಗೋಣಿಯ ಮೇಲೆ ಕೂರಿಸಿ, ಅಲ್ಲಿಂದ ಅಡುಗೆಮನೆಯವರೆಗೆ ಗೋಣಿಯ ದಾರಿ ಹಾಸಿದರು. ಮಾಮಿಯ ಹೊಸ ಟೈಲ್ಸ್ ಅರ್ಧದಷ್ಟು ಅಲ್ಲಿಗೆ ಮುಚ್ಚಿಹೋಯಿತು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಸಂಜೆಯ ಬಸ್ಸಿಗೆ ಮನೆಗೆ ಬಂದೆ.

ಸೋಮವಾರ ಸಂಜೆ ಮಾಮನ ಫೋನು. "ಇವ ಊಟ ಬಿಟ್ಟಿದ್ದಾನೆ." ಅಷ್ಟೇ ಹೇಳಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಹೇಳದೆ ಮಾಮ ಫೋನು ಇಟ್ಟದ್ದನ್ನು ನಾನು ಕಂಡದ್ದಿಲ್ಲ. ಮರುದಿನ ಬೆಳಿಗ್ಗೆ ನಾನೇ ಮಾಡಿದೆ. ಒಂದು ಎಲೆ ಮುಟ್ಟಿಲ್ಲ, ಮೆಟ್ಟಿಲಿನ ಕೆಳಗೆ ಗೋಡೆಗೆ ಮುಖ ಮಾಡಿ ಗುಡ್ಡೆಯಾಗಿ ಕೂತಿದೆ ಎಂದು ಮಾಮಿ ಹೇಳಿದರು. ಮೊಲದ ಚಿಕಿತ್ಸೆ ಗೊತ್ತಿರುವ ಪಶುವೈದ್ಯೆಯೊಬ್ಬರು ಮಣಿಪಾಲದಲ್ಲಿ ಇದ್ದಾರೆ. ಆದರೆ ಹಿಂದಿನ ಸಂಜೆಯ ಆ ದನಿ ಕೇಳಿದ ಮೇಲೆ ಮಾಮನನ್ನು ಒಬ್ಬರನ್ನೇ ಬನ್ನಿ ಎನ್ನಲು ಮನಸ್ಸಾಗಲಿಲ್ಲ. ಆಫೀಸಿಗೆ ರಜೆ ಹಾಕಿ ಹೆಜಮಾಡಿಗೆ ಓಡಿದೆ.

ಅಲ್ಲಿಂದ ಮಾಮ, ನಾನು, ಮೀನಿನ ಬಾಕ್ಸಿನಲ್ಲಿ ಮೊಲ, ಮೂವರೂ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆವು. ಕಂಡಕ್ಟರ್ ಬಾಕ್ಸನ್ನು ನೋಡಿ ಅಲ್ಲಿಯೇ ನಿಂತ.

"ಎಂತ ಮಾರಾಯ್ರೆ, ಮೀನಾ? ಇದರಲ್ಲಿ ಮೀನು ತರಲಿಕ್ಕಿಲ್ಲ."

"ಮೀನಲ್ಲ. ಹುಷಾರಿಲ್ಲದವ" ಎಂದರು ಮಾಮ.

ಕಂಡಕ್ಟರ್ ಬಗ್ಗಿ ನೋಡಿದ. ಒಂದು ಕಂದು ಕಿವಿ ಕಂಡಿತು. ಮುಂದಿನ ಸೀಟಿನವರನ್ನು ಎಬ್ಬಿಸಿ ನಮಗೆ ಕಿಟಕಿಯ ಜಾಗ ಮಾಡಿಕೊಟ್ಟು, ಡ್ರೈವರಿಗೆ ಕೂಗಿದ: "ಹಂಪ್‌ನಲ್ಲಿ ಮೆಲ್ಲ ಹೋಗು, ಪೇಷೆಂಟ್ ಉಂಟು!" ಕಾಪು ಬರುವಷ್ಟರಲ್ಲಿ ಇಡೀ ಬಸ್ಸಿಗೆ ಸುದ್ದಿ ಗೊತ್ತಾಗಿತ್ತು. ಒಬ್ಬರು ಜೀರಿಗೆ ನೀರು ಕೊಡಿ ಎಂದರು, ಇನ್ನೊಬ್ಬರು ಓಮ ಎಂದರು. ಹಿಂದಿನ ಸೀಟಿನ ಹೆಂಗಸು ಯಾರದೋ ದೃಷ್ಟಿ ತಾಗಿದೆ ಎಂದರು. ಬೇರೆ ದಿನವಾಗಿದ್ದರೆ ಮಾಮ ಎಲ್ಲರ ಜೊತೆ ವಾದಕ್ಕೆ ಇಳಿಯುತ್ತಿದ್ದರು. ಅಂದು ಬಾಕ್ಸಿನ ಮುಚ್ಚಳ ಕಟ್ಟಿದ ಹಗ್ಗವನ್ನು ಬಿಚ್ಚುವುದು, ಪುನಃ ಕಟ್ಟುವುದು, ಇದೇ ಕೆಲಸ. ನಾನು ಗಮನಿಸಿದೆ, ಅವರು ಹಾಕುತ್ತಿದ್ದದ್ದು ಸಾದಾ ಗಂಟು, ಯಾರು ಬೇಕಾದರೂ ಬಿಚ್ಚಬಹುದಾದದ್ದು. ಆಗ ನನಗೂ ಹೆದರಿಕೆಯಾಯಿತು.

ವೈದ್ಯೆ ಚಿಕ್ಕ ಪ್ರಾಯದವರು. ಮೊಲದ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಹೊಸದಾಗಿ ಏನಾದರೂ ತಿನ್ನಲಿಕ್ಕೆ ಕೊಟ್ಟಿದ್ದೀರಾ?"

"ಬೆಲ್ಲ" ಎಂದರು ಮಾಮ.

"ಬೆಲ್ಲವಾ? ಎಂತಕ್ಕೆ?"

"ಮನೆಗೆ ಬಂದವನಿಗೆ ಕೊಡಬೇಡವಾ?"

ಅವರು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ನಾನು ಹೊಸ್ತಿಲಿನ ಕತೆಯನ್ನು ಹೇಳಿದೆ. ಎಷ್ಟು ಕೊಟ್ಟದ್ದು ಎಂದು ಕೇಳಿದರು. ಒಂದೇ ತುಂಡು ಎಂದರು ಮಾಮ. ನನಗೆ ಏಕೋ ಸಂಶಯ ಬಂದು ಅಲ್ಲಿಂದಲೇ ಮಾಮಿಗೆ ಫೋನು ಮಾಡಿದೆ.

"ನಾನೂ ಒಂದು ಕೊಟ್ಟಿದ್ದೆ" ಎಂದರು ಮಾಮಿ. "ಪಾಪ, ಡಬ್ಬಿಯ ಹತ್ತಿರ ಬಂದು ನಿಂತಿತ್ತು."

"ಒಂದಾ ಮಾಮಿ?"

"ಎರಡು."

ಟೈಲ್ಸಿನ ಮೇಲೆ ಮೊಲ ಬೇಡ ಎಂದವರು ಇವರೇ ಅಲ್ವಾ? ಆದರೆ ನಗುವ ಹೊತ್ತು ಅದಾಗಿರಲಿಲ್ಲ. ವೈದ್ಯೆ ನಿಧಾನವಾಗಿ ಬಿಡಿಸಿ ಹೇಳಿದರು. "ಮೊಲದ ಹೊಟ್ಟೆ ಹುಲ್ಲಿಗೆ ಅಂತ ಇರುವುದು. ಸಿಹಿ ಹೋದರೆ ಹೊಟ್ಟೆಯ ಕೆಲಸವೇ ನಿಲ್ತದೆ. ಅದರ ಮೇಲೆ ಹೊಸ ಜಾಗದ ಹೆದರಿಕೆ ಬೇರೆ. ಔಷಧಿ ಹಾಕಿದ್ದೇನೆ. ಇವತ್ತು ಸಂಜೆಯೊಳಗೆ ಅದು ತಾನಾಗಿ ಏನಾದರೂ ತಿನ್ನಬೇಕು. ತಿನ್ನದಿದ್ದರೆ ವಾಪಸು ತನ್ನಿ, ಆದರೆ ಆಗ ನನಗೆ ಖಂಡಿತ ಅಂತ ಹೇಳಲಿಕ್ಕೆ ಆಗುವುದಿಲ್ಲ."

ಮಾಮ ತಲೆಯಾಡಿಸಿದರು. ಬಾಕ್ಸು ಎತ್ತಿಕೊಂಡು ಬಾಗಿಲಿನವರೆಗೆ ಬಂದವರು ತಿರುಗಿ ನಿಂತರು. "ಹಾವಿನಿಂದ ಉಳಿಸಲಿಕ್ಕೆ ಒಳಗೆ ತಂದದ್ದು ಡಾಕ್ಟ್ರೆ" ಎಂದರು. "ಕೊನೆಗೆ ನಾನೇ..." ನಾನು ಅವರ ಕೈಯಿಂದ ಬಾಕ್ಸು ತೆಗೆದುಕೊಂಡೆ. ಕೊಡುವುದಿಲ್ಲ ಎಂದು ಅವರು ಜಗಳ ಮಾಡಲಿಲ್ಲ.

ಹೆಜಮಾಡಿಗೆ ಮುಟ್ಟಿದಾಗ ಮೂರು ಗಂಟೆ. ಮಾಮಿ ಒಂದು ಸಂತೆಯನ್ನೇ ತಂದು ಹರಡಿದ್ದರು. ಗರಿಕೆ, ಕೊತ್ತಂಬರಿ, ಬಾಳೆ ಎಲೆ, ಮೂಲಂಗಿ ಸೊಪ್ಪು, ಅಂಗಳದ ಒಂದೆಲಗ. ಒಂದೊಂದಾಗಿ ಮೊಲದ ಮೂಗಿಗೆ ಹಿಡಿದು "ತಿನ್ನು ಮಗಾ, ಇದೊಂದು ತಿನ್ನು" ಎಂದು ಕಣ್ಣು ತುಂಬಿಕೊಂಡು ಬೇಡುತ್ತಿದ್ದರು. ಪಕ್ಕದಲ್ಲಿ ನಾನು. ಮೊಲ ಇನ್ನಷ್ಟು ಗೋಡೆಗೆ ಒತ್ತಿಕೊಂಡಿತು. ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು.

"ಎಲ್ಲರೂ ಆಚೆ ಹೋಗಿ" ಎಂದರು ಮಾಮ. "ಅವನನ್ನು ನೋಡಬೇಡಿ."

ನಾವು ಅಡುಗೆಮನೆಯ ಬಾಗಿಲಿಗೆ ಸರಿದೆವು. ಮಾಮ ಒಂದು ಹಿಡಿ ಒಂದೆಲಗ ತೊಳೆದು ತಂದರು. ಮೆಟ್ಟಿಲಿನ ಕೆಳಗೆ, ಗೋಣಿಯ ಮೇಲೆ, ಮೊಲಕ್ಕೆ ಬೆನ್ನು ಹಾಕಿ ಚಕ್ಕಳಮಕ್ಕಳ ಹಾಕಿ ಕೂತರು. ಅರ್ಧ ಸೊಪ್ಪನ್ನು ಕೈ ಹಿಂದೆ ಮಾಡಿ ಬೆನ್ನ ಹಿಂದೆ ಇಟ್ಟರು. ಉಳಿದ ಅರ್ಧವನ್ನು ತಾವೇ ಬಾಯಿಗೆ ಹಾಕಿಕೊಂಡು ಕಚಕಚ ಎಂದು ಸದ್ದು ಮಾಡಿ ಅಗಿಯತೊಡಗಿದರು. ಎದುರಿನ ಗೋಡೆಯ ಜೊತೆ ಮಾತು ಬೇರೆ. "ಪಶ್ಚಿಮದ ಗಾಳಿ ಶುರುವಾಗಿದೆ. ಈ ಸಲ ಮಳೆ ಬೇಗ ಹಿಡಿಯುತ್ತದೆ. ಬೋಟುಗಳೆಲ್ಲ ಮೇಲೆ ಬಂದವಾ ಇಲ್ಲವಾ..."

ಮಾಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ. ಆ ಬೆನ್ನು ನನಗೆ ಗೊತ್ತಿತ್ತು.

ನನಗೆ ಏಳು ವರ್ಷವಾಗಿದ್ದಾಗ ಅಪ್ಪ ತೀರಿಹೋದರು. ಅಮ್ಮ ನನ್ನ ಕೈ ಹಿಡಿದುಕೊಂಡು ಈ ಮನೆಯಲ್ಲೇ ಇರಲು ಬಂದಳು. ಇದೇ ಹೊಸ್ತಿಲಿನಲ್ಲಿ ಮಾಮ ನನಗೊಂದು ತುಂಡು ಬೆಲ್ಲ ಕೊಟ್ಟು, ಆ ದಿನವೇ ಬೋಟಿಗೆ ಹೋದರು. ನಾನು ಬೆಲ್ಲ ತಿನ್ನಲಿಲ್ಲ. ಅದು ಮುಷ್ಟಿಯಲ್ಲಿ ಕರಗಿ ಬೆರಳೆಲ್ಲ ಅಂಟಂಟಾಯಿತು. ಆಮೇಲೆ ಎರಡು ದಿನ ಏನನ್ನೂ ತಿನ್ನಲಿಲ್ಲ. ಅಮ್ಮ ಬೇಡಿದಳು, ಮಾಮಿ ಬೇಡಿದರು, ನೆರೆಮನೆಯವರು ಬಂದು ಬೇಡಿದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೂರನೇ ದಿನ ಮಾಮ ಬಂದರು. ಎಲ್ಲರನ್ನೂ ಆಚೆ ಕಳಿಸಿ, ನನಗೆ ಬೆನ್ನು ಹಾಕಿ ಕೂತು, ಒಂದು ತಟ್ಟೆ ಗಂಜಿಯನ್ನು ನನ್ನ ಕಡೆ ಹಿಂದಕ್ಕೆ ಸರಿಸಿ, ಇನ್ನೊಂದನ್ನು ತಾವೇ ಸೊರಸೊರ ಉಣ್ಣತೊಡಗಿದರು. ಬಂಗುಡೆ ಮೀನಿನ ಹಿಂಡು ಎಲ್ಲಿ ಸಿಕ್ಕಿತು, ಬಲೆ ಎಲ್ಲಿ ಹರಿಯಿತು, ಎಲ್ಲವನ್ನೂ ಗೋಡೆಗೆ ಹೇಳಿದರು. ಯಾರೂ ನನ್ನನ್ನು ನೋಡುತ್ತಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನವಾಯಿತು. ನನ್ನ ತಟ್ಟೆ ಖಾಲಿಯಾಗುವವರೆಗೆ ಮಾಮ ತಿರುಗಿ ನೋಡಲಿಲ್ಲ. ಅವರ ತಟ್ಟೆ ಬಹಳ ಮೊದಲೇ ಖಾಲಿಯಾಗಿತ್ತು ಎಂದು ಅಮ್ಮ ಆಮೇಲೆ ಹೇಳಿದಳು. ಬರೀ ತಟ್ಟೆಯಲ್ಲಿ ಸದ್ದು ಮಾಡುತ್ತಾ ಕೂತಿದ್ದರಂತೆ.

ಐದೂಕಾಲು ಗಂಟೆಗೆ ಮೆಟ್ಟಿಲಿನ ಕೆಳಗೆ ಇನ್ನೊಂದು ಸದ್ದು ಕೇಳಿಸಿತು. ಸಣ್ಣಗೆ ಕುರುಕುರು ಎಂದು. ಒಮ್ಮೆ ನಿಂತಿತು, ಪುನಃ ಶುರುವಾಯಿತು. ಮಾಮಿ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದರು. ಮಾಮ ತಿರುಗಲಿಲ್ಲ. ಅಗಿಯುವುದನ್ನು ನಿಲ್ಲಿಸಲೂ ಇಲ್ಲ, ನಿಲ್ಲಿಸಿದರೆ ಹಿಂದಿನ ಸದ್ದೂ ನಿಂತೀತು ಎಂದು. ಬಾಯಲ್ಲಿ ಏನೂ ಉಳಿದಿರಲಿಲ್ಲ. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ದವಡೆ ಆಡುತ್ತಲೇ ಇತ್ತು.

ಬೆನ್ನ ಹಿಂದಿನ ಸೊಪ್ಪು ಮುಗಿದ ಮೇಲೆ ಮಾಮ ಎದ್ದರು. ಕಾಲು ಜೋಮು ಹಿಡಿದು ಗೋಡೆ ಹಿಡಿದುಕೊಂಡರು. ಮಾಮಿ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲಿನ ಹಲಗೆಗೆ ತಳ್ಳುತ್ತಿದ್ದರು.

"ಇನ್ನು ಇವನ ಹತ್ತಿರ ಬೆಲ್ಲದ ಸುದ್ದಿ ಬೇಡ" ಎಂದರು.

"ಯಾರು ಕೊಡ್ತಾರೆ?" ಮಾಮ ಹಲ್ಲಿನ ಸಂದಿಯಿಂದ ಒಂದೆಲಗದ ನಾರು ತೆಗೆಯುತ್ತಾ ಹೇಳಿದರು. "ಬೆಲ್ಲ ನೆಂಟರಿಗೆ. ಇವ ಮೊದಲ ದಿನ ನೆಂಟ, ಕೊಟ್ಟಾಯಿತು. ಇನ್ನು ಮನೆಯವ. ಮನೆಯವರಿಗೆ ಯಾರಾದರೂ ಬೆಲ್ಲ ನೀರು ಕೊಡ್ತಾರಾ?"

ಅದನ್ನು ಅವರು ನನಗೆ ಹೇಳಿದ್ದಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಮೂವತ್ತನಾಲ್ಕು ವರ್ಷ ಜತನವಾಗಿ ಸಾಕಿದ ಸಿಟ್ಟು ಅದು, ಒಂದು ಕ್ಷಣದಲ್ಲಿ ನಾಚಿಕೆಯಾಗಿಬಿಟ್ಟಿತು. ಅಳು ಬಂತು. ಅವರು ನೋಡಬಾರದೆಂದು ಅಡುಗೆಮನೆಗೆ ಹೋಗಿ, ಮಣ್ಣಿನ ಹೂಜಿಯಿಂದ ನಾನೇ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದೆ.

"ಅಲ್ಲಿ ಎಂತ ಮಾಡ್ತಾ ಇದ್ದಿ?" ಮಾಮ ಅಲ್ಲಿಂದಲೇ ಕೇಳಿದರು.

"ನೀರು ಕುಡೀತಾ ಇದ್ದೇನೆ."

"ಹಾಂ. ಬರುವಾಗ ಇವನಿಗೂ ಒಂದು ಬಟ್ಟಲು ತಾ."